ಭಾರ ಬಿಟ್ಟ ಕಾಲು

ಬಾಯಮ್ಮ ತೀರಿಕೊಂಡ ಮರುದಿನ ಯೂನಿಯನ್ ಸಿಟಿಯಿಂದ ಅವರ ಅಕ್ಕನ ಮಗಳು ಫೋನು ಮಾಡಿದಳು. ಚರ್ಚಿನಲ್ಲಿ ಇಡುವುದಕ್ಕೆ ಒಂದು ಫೋಟೋ ಬೇಕಿತ್ತು, ಮನೆಯಲ್ಲಿ ಒಂದೂ ಸರಿಯಾದದ್ದಿಲ್ಲ, ನಿಮ್ಮ ಹತ್ತಿರ ಇದ್ದೀತೇ ಎಂದು ಕೇಳಿದಳು. ಇಲ್ಲದೆ ಏನು ಎಂದುಕೊಂಡು ಹಳೆಯ ಆಲ್ಬಮ್ಮು ತೆಗೆದೆ. ಇದ್ದದ್ದು ಒಂದೇ. ಅದರಲ್ಲಿ ನಾನು ನಡಿಗೆ ಕಲಿಸಲು ಹೂಡಿದ ಎರಡು ಕಂಬಿಗಳನ್ನು ಬಿಗಿಯಾಗಿ ಹಿಡಿದು, ಹರಳೆಣ್ಣೆ ಕುಡಿದವಳ ಮುಖ ಮಾಡಿಕೊಂಡು ನಿಂತಿದ್ದೇನೆ. ನನ್ನ ಸೊಂಟದ ಎರಡೂ ಕಡೆ ಹಿಂದಿನಿಂದ ಬಂದ ಎರಡು ಪುಟ್ಟ ಕೈಗಳು ಕಾಣುತ್ತವೆ. ಬಾಯಮ್ಮ ಅಂದರೆ ಆ ಕೈಗಳಷ್ಟೇ. ಆಳು ಗಿಡ್ಡ, ನನ್ನ ಹಿಂದೆ ಪೂರ್ತಿ ಮರೆಯಾಗಿದ್ದರು. ಜನರನ್ನು ನಿಲ್ಲಿಸುವುದೇ ಕಸುಬಾಗಿದ್ದವರು ತಾವು ಮಾತ್ರ ಫೋಟೋಗೆ ಸಿಗುವ ಜಾಗದಲ್ಲಿ ನಿಂತದ್ದಿಲ್ಲ. ಆ ಹುಡುಗಿಗೆ ಫೋಟೋ ಕೊಡಲಾಗಲಿಲ್ಲ. ಅದರ ಬದಲಿಗೆ ಇದನ್ನು ಬರೆಯುತ್ತಿದ್ದೇನೆ.

ಬಾಯಮ್ಮ ಅನ್ನುವುದು ಅವರ ಹೆಸರಲ್ಲ. ಕಾರ್ಕಳದ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಊರಿನವರು ಹಾಗೆ ಕರೆಯುತ್ತಾರಂತೆ. ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಮಟಿಯೋದ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ, ಅಮೆರಿಕನ್ ಪೇಷೆಂಟುಗಳು ಅವರನ್ನು ಸಿಸ್ಟರ್ ಅನ್ನುತ್ತಿದ್ದರು. ನಾನು ಸಿಸ್ಟರ್ ಅಲ್ಲ, ಆಗಲಿಕ್ಕೆ ಹೊರಟು ಅರ್ಧದಲ್ಲಿ ಬಿಟ್ಟವಳು ಎಂದು ಮೊದಮೊದಲು ತಿದ್ದುತ್ತಿದ್ದರಂತೆ. ಆಮೇಲೆ ಸುಮ್ಮನಾದರು. ಕಾಟನ್ ಸೀರೆಯನ್ನು ಮೇಲಕ್ಕೆ ಸಿಕ್ಕಿಸಿ, ಕೆಳಗೆ ಬಿಳಿಯ ರನ್ನಿಂಗ್ ಶೂಸು ಹಾಕಿಕೊಂಡು ಓಡಾಡುತ್ತಿದ್ದ ಐವತ್ತು ದಾಟಿದ ಹೆಂಗಸು. ಮಧ್ಯಾಹ್ನ ಸ್ಟಾಫ್ ರೂಮಿನ ಮೈಕ್ರೋವೇವಿನಲ್ಲಿ ಕುಚಲಕ್ಕಿ ಅನ್ನ, ಮೀನು ಸಾರು ಬಿಸಿ ಮಾಡುತ್ತಿದ್ದರು. ವಾಸನೆಯ ಬಗ್ಗೆ ಯಾರಾದರೂ ಗೊಣಗಿದರೆ ಅವರಿಗೂ ಒಂದು ಚಮಚ ಬಡಿಸಿಬಿಡುತ್ತಿದ್ದರು.

ನಾನು ಅವರ ಕೈಗೆ ಸಿಕ್ಕಿದ್ದು ಎಂಬತ್ತರ ದಶಕದ ಮಧ್ಯದಲ್ಲಿ. ಆಫೀಸಿನಿಂದ ಬರುವಾಗ ಫ್ರೀವೇಯಲ್ಲಿ ಒಂದು ಟ್ರಕ್ಕು ನನ್ನ ಕಾರಿನ ಎಡಬದಿಗೆ ಗುದ್ದಿ, ಎಡಗಡೆಯ ಸೊಂಟ, ತೊಡೆ ಎರಡೂ ಮುರಿದಿದ್ದವು. ಆಪರೇಷನ್ನಾಯಿತು, ತಿಂಗಳುಗಟ್ಟಲೆ ಹಾಸಿಗೆಯಾಯಿತು. ಕೊನೆಗೆ ಡಾಕ್ಟರು ಎಕ್ಸ್‌ರೇ ತೋರಿಸಿ, ಮೂಳೆ ಕೂಡಿದೆ, ನಡೆಯಮ್ಮ ಎಂದರು. ನಾನು ನಡೆಯಲಿಲ್ಲ. ವಾಕರ್ ಹಿಡಿದು ಬಲಗಾಲಿನ ಮೇಲೆ ಕುಪ್ಪಳಿಸುತ್ತಿದ್ದೆ. ಎಡಗಾಲನ್ನು ನೆಲಕ್ಕೆ ತಾಗಿಸಿದರೆ ಸಾಕು, ಕಾರಿನ ಗಾಜು ಪುಡಿಯಾದ ಆ ಸದ್ದು ಕೇಳಿಸುತ್ತಿತ್ತು. ನಮ್ಮ ಮಗಳಿಗೆ ಆಗ ಎರಡು ವರ್ಷ ತುಂಬಿತ್ತು. ಡೇಕೇರಿನಿಂದ ಬಂದವಳು ನನ್ನ ವಾಕರಿನ ಮುಂದೆ ನಿಂತು ಕೈ ಎತ್ತಿ 'ಅಪ್, ಅಮ್ಮಾ, ಅಪ್' ಎನ್ನುತ್ತಿದ್ದಳು. ನಾನು ಎತ್ತಿಕೊಳ್ಳಲಾರೆ ಅನ್ನುವುದು ಕ್ರಮೇಣ ಅವಳಿಗೆ ತಿಳಿಯಿತು. ಕೇಳುವುದನ್ನು ನಿಲ್ಲಿಸಿ ಅಪ್ಪನ ಹತ್ತಿರ ಹೋಗತೊಡಗಿದಳು. ಅದು ನನಗೆ ಕಾಲಿಗಿಂತ ಹೆಚ್ಚು ನೋಯುತ್ತಿತ್ತು.

ಮೊದಲ ದಿನ ಬಾಯಮ್ಮ ನಾನು ಬಾಗಿಲಿನಿಂದ ಕುರ್ಚಿಯವರೆಗೆ ಬರುವುದನ್ನು ನೋಡಿದರು. ಎಲ್ಲಿ ನೋವು ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಉತ್ತರ ಹೇಳುತ್ತಿದ್ದಂತೆ ಅರ್ಧದಲ್ಲೇ ತಡೆದು, ನಿಮ್ಮ ಊರು ಎಲ್ಲಿ ಎಂದರು. ಮೈಸೂರು ಎಂದೆ.

"ಹಾಗಾದರೆ ಇಂಗ್ಲಿಷಿನಲ್ಲಿ ಎಂತಕ್ಕೆ ನರಳುವುದು ಮಾರಾಯ್ತಿ? ಕನ್ನಡದಲ್ಲೇ ನರಳು" ಎಂದರು.

ಆವತ್ತು ಅವರು ನನ್ನ ಕಾಲನ್ನು ಮುಟ್ಟಲೇ ಇಲ್ಲ. ಭುಜಗಳ ಮೇಲೆ ಕೈಯಿಟ್ಟು, ಎರಡೂ ಕಿವಿಗೆ ಅಂಟಿಕೊಂಡಿವೆ ನೋಡು ಎಂದರು. ಕಾಲಿಗೆ ಹೆದರಿಕೆಯಾದರೆ ಅದು ಮೊದಲು ಭುಜದಲ್ಲಿ ಕಾಣುತ್ತದಂತೆ. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಗೋಡೆಗೆ ಪಿನ್ನು ಚುಚ್ಚಿದ್ದ ಒಂದು ಪೋಸ್ಟ್‌ಕಾರ್ಡು ತೋರಿಸಿದರು. ಇಟಲಿಯ ಫ್ಲಾರೆನ್ಸಿನಲ್ಲಿರುವ ಅಮೃತಶಿಲೆಯ ಹುಡುಗನ ಚಿತ್ರ, ಬೆತ್ತಲೆ. ಹಿಂದೆ ಯಾರೋ ಒಬ್ಬ ಅಜ್ಜಿ ಆಕ್ಷೇಪಿಸಿದ್ದರಿಂದ ಸೊಂಟದ ಕೆಳಗೆ ಒಂದು ತುಂಡು ಬ್ಯಾಂಡೇಜು ಅಂಟಿಸಿದ್ದರು. ಈಗ ಇವನೂ ನಮ್ಮ ಪೇಷೆಂಟೇ ಎನ್ನುತ್ತಿದ್ದರು.

ಅವರು ತೋರಿಸಿದ್ದು ಇಷ್ಟು. ಆ ಹುಡುಗ ದೇಹದ ಭಾರವನ್ನೆಲ್ಲ ಒಂದೇ ಕಾಲಿನ ಮೇಲೆ ಬಿಟ್ಟಿದ್ದಾನೆ. ಭಾರ ಹೊತ್ತ ಕಡೆ ಸೊಂಟ ಮೇಲೆದ್ದಿದೆ, ಅದೇ ಕಡೆಯ ಭುಜ ಕೆಳಗಿಳಿದಿದೆ. ಇನ್ನೊಂದು ಕಡೆ ಎಲ್ಲ ತಿರುವು ಮುರುವು: ಮಂಡಿ ಸಡಿಲ, ಸೊಂಟ ಕೆಳಗೆ, ಭುಜ ಮೇಲೆ. ನಡುವೆ ಬೆನ್ನೆಲುಬು ಎರಡನ್ನೂ ಸರಿದೂಗಿಸುತ್ತ ಹಾವಿನಂತೆ ಒಂದಿಷ್ಟು ಬಳುಕಿದೆ. ಗ್ರೀಕರು ಬಹಳ ಕಾಲ ಎರಡೂ ಪಾದ ಊರಿ, ಮುಷ್ಟಿ ಬಿಗಿದ ಯುವಕರನ್ನೇ ಕೆತ್ತುತ್ತಿದ್ದರಂತೆ, ಪೆರೇಡಿನಲ್ಲಿ ನಿಂತ ಹಾಗೆ. ಒಂದು ದಿನ ಯಾರೋ ಒಬ್ಬ ಶಿಲ್ಪಿ ಭಾರವನ್ನು ಒಂದು ಕಾಲಿಗೆ ಸರಿಸಿದ. ಅಷ್ಟಕ್ಕೇ ಕಲ್ಲು ಉಸಿರಾಡತೊಡಗಿತು. ಆಮೇಲೆ ಜನ ಅದನ್ನು ಮರೆತರು, ಸಾವಿರ ವರ್ಷದ ಮೇಲೆ ಇಟಲಿಯವರು ಮತ್ತೆ ಕಂಡುಕೊಂಡರು.

ನನಗೆ ಸ್ವಲ್ಪ ಊರಭಿಮಾನ ಕೆರಳಿತು. ನಮ್ಮ ಬೇಲೂರಿನಲ್ಲೂ ಇದೆ, ಅಲ್ಲಿನ ಶಿಲಾಬಾಲಿಕೆಯರು ಇದಕ್ಕಿಂತ ಚೆನ್ನಾಗಿ ಬಳುಕಿದ್ದಾರೆ ಎಂದೆ. ಅದು ಕುಣಿತ, ಕುಣಿಯುವುದು ಆಮೇಲೆ ನೋಡುವ, ನಿನಗೀಗ ಬಸ್ಸಿಗೆ ಕಾಯುವ ಹಾಗೆ ನಿಲ್ಲಲಿಕ್ಕೆ ಬಂದರೆ ಸಾಕು ಎಂದರು. ಹಾಗಾದರೆ ನಿಮ್ಮ ಕಾರ್ಕಳದ ಗೊಮ್ಮಟ, ಎಂದು ನಾನು ಬಿಡಲಿಲ್ಲ. ಬಾಯಮ್ಮನ ಮುಖ ಅರಳಿತು.

"ನಮ್ಮ ಗೊಮ್ಮಟ ಎರಡೂ ಕಾಲಿನ ಮೇಲೆ ಸಮ ನಿಂತವನು. ಅವನಿಗೆ ಎಲ್ಲಿಗೂ ಹೋಗಲಿಕ್ಕಿಲ್ಲ, ಎಲ್ಲ ಬಿಟ್ಟು ನಿಂತಿದ್ದಾನೆ. ಇವನಿಗೆ ಹೋಗಲಿಕ್ಕುಂಟು. ಒಂದು ಕಾಲಿಗೆ ಭಾರ ಕೊಟ್ಟರೆ ಮಾತ್ರ ಇನ್ನೊಂದು ಕಾಲಿಗೆ ಬಿಡುಗಡೆ. ನಿನಗೆ ಹೋಗಲಿಕ್ಕುಂಟಲ್ಲ?"

ಹೌದು ಎಂದೆ.

ಅವರ ಹಿಂದಿನ ಕತೆಯನ್ನು ವ್ಯಾಯಾಮದ ನಡುವೆ ತುಂಡು ತುಂಡಾಗಿ ಕೇಳಿದೆ. ಹದಿಹರೆಯ ಮುಗಿಯುವಷ್ಟರಲ್ಲಿ ಕಾನ್ವೆಂಟು ಸೇರಿ, ಪೋಲಿಯೋ ಮಕ್ಕಳ ಆರೈಕೆ ಕಲಿಯಲು ಇಟಲಿಗೆ ಹೋದರು. ಒಂದು ಭಾನುವಾರ ಕಾನ್ವೆಂಟಿನ ಮುಖ್ಯಸ್ಥೆ ಮದರು ಹುಡುಗಿಯರನ್ನೆಲ್ಲ ಪೋಸ್ಟ್‌ಕಾರ್ಡಿನ ಆ ಹುಡುಗನನ್ನು ನೋಡಲು ಕರೆದುಕೊಂಡು ಹೋದರಂತೆ. ಉಳಿದವರೆಲ್ಲ ತಲೆ ತಗ್ಗಿಸಿದರು, ಇವರೊಬ್ಬರೇ ಕತ್ತೆತ್ತಿ ನೋಡುತ್ತ ನಿಂತರು. ಮದರು ಗದರಿದಾಗ, ನಮ್ಮೂರ ಗುಡ್ಡದ ಮೇಲೆ ಇವನಿಗಿಂತ ಎತ್ತರದವನು ಬಟ್ಟೆಯಿಲ್ಲದೆ ನಿಂತಿದ್ದಾನೆ, ಶಾಲೆಗೆ ಹೋಗುವಾಗ ದಿನಾ ನೋಡುತ್ತಿದ್ದೆವು, ಊರಿನವರೆಲ್ಲ ಕೈಮುಗಿಯುತ್ತಾರೆ ಎಂದುಬಿಟ್ಟರಂತೆ.

ಆಮೇಲೆ ಬಿಡುವಾದಾಗಲೆಲ್ಲ ಅಲ್ಲಿಗೆ ಹೋಗುತ್ತಿದ್ದರು. ಶಿಲ್ಪಕ್ಕಿಂತ ಅದರ ಮುಂದೆ ನಿಂತ ಜನರನ್ನು ನೋಡುವುದೇ ಹೆಚ್ಚಾಯಿತು. ಬಿಗಿಯಾಗಿ ಬಂದು ನಿಂತವರು ಸ್ವಲ್ಪ ಹೊತ್ತು ನೋಡಿದ ಮೇಲೆ, ತಮಗೇ ಗೊತ್ತಿಲ್ಲದ ಹಾಗೆ, ಭಾರವನ್ನು ಒಂದು ಕಾಲಿಗೆ ಬಿಟ್ಟು ಸಡಿಲವಾಗುತ್ತಿದ್ದರಂತೆ. ಮುದುಕರು, ಬಾಣಂತಿಯರು, ಪೊಲೀಸಿನವರು, ಎಲ್ಲರೂ. ನಿಲ್ಲುವುದನ್ನು ಹೇಳಿಕೊಡುವುದಕ್ಕಿಂತ ತೋರಿಸುವುದು ಸುಲಭ ಎಂದು ಅವರಿಗೆ ಅಲ್ಲಿಯೇ ಅನ್ನಿಸಿದ್ದು. ಕಾನ್ವೆಂಟು ಯಾಕೆ ಬಿಟ್ಟಿರಿ ಎಂದು ಒಮ್ಮೆ ಕೇಳಿದೆ. ಅಲ್ಲಿ ಯಾವಾಗಲೂ ಮಂಡಿ ಊರಬೇಕು, ನನಗೆ ಜನರನ್ನು ನಿಲ್ಲಿಸಬೇಕಿತ್ತು ಎಂದರು. ದೇವರ ಮೇಲೆ ಮುನಿಸಿರಲಿಲ್ಲ. ಭಾನುವಾರದ ಪೂಜೆ ತಪ್ಪಿಸಿದವರಲ್ಲ. ಪೂಜೆಯ ಹೊತ್ತಿನಲ್ಲೂ ಮುಂದಿನ ಸಾಲಿನವರ ಹಿಮ್ಮಡಿ ನೋಡುತ್ತಿರುತ್ತೇನೆ ಎಂದು ಮಾತ್ರ ಒಪ್ಪಿಕೊಳ್ಳುತ್ತಿದ್ದರು.

ಈ ನೋಡುವ ಚಟ ಅವರಿಗೆ ಎಲ್ಲೆಲ್ಲೂ ಇತ್ತು. ಟ್ರೈನ್ ಸ್ಟೇಷನ್ನಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ ನಿಂತವರ ಬೆನ್ನು ನೋಡಿ ಯಾರ ಯಾವ ಮಂಡಿ ಮುಂದೆ ಕೈಕೊಡುತ್ತದೆ ಎಂದು ನನ್ನ ಕಿವಿಯಲ್ಲಿ ಹೇಳುವರು. ಒಮ್ಮೆ ಗ್ರೋಸರಿಯ ಎದುರು ನಿಂತಿದ್ದ ಪೊಲೀಸನ ಹತ್ತಿರ ನೇರ ಹೋಗಿ, ಪಿಸ್ತೂಲನ್ನು ಇನ್ನೊಂದು ಕಡೆ ಕಟ್ಟಿಕೊಂಡರೆ ನಿನ್ನ ಸೊಂಟ ನೋವು ಹೋಗುತ್ತದೆ ಎಂದರು. ನಾನು ಹೆದರಿ ಕಾರಿನಲ್ಲೇ ಕೂತಿದ್ದೆ. ಆ ಪೊಲೀಸ ಇವರನ್ನು ಬಹಳ ಹೊತ್ತು ನೋಡಿ, ನನಗೆ ಸೊಂಟ ನೋವಿದೆಯೆಂದು ನಿಮಗೆ ಯಾರು ಹೇಳಿದರು ಎಂದು ಕೇಳಿದನಂತೆ.

ಇಷ್ಟೆಲ್ಲ ಆದರೂ ನಾನು ಎಡಗಾಲನ್ನು ನಂಬಲಿಲ್ಲ. ವಾರಗಳು ಕಳೆದವು. ಒಂದು ಶನಿವಾರ ಮಗಳನ್ನೂ ಕರೆದುಕೊಂಡು ಬಾ ಎಂದರು. ಅವಳು ಕ್ಲಿನಿಕ್ಕಿನ ದೊಡ್ಡ ಚೆಂಡಿನ ಜೊತೆ ಆಡುತ್ತಿದ್ದಳು, ನಾನು ಕಂಬಿಗಳ ನಡುವೆ ನಿಂತಿದ್ದೆ. ಬಾಯಮ್ಮ ಮಗುವನ್ನು ಎತ್ತಿ ತಂದರು, ನನ್ನ ಎಡಸೊಂಟದ ಮೇಲೆ ಕೂರಿಸಿದರು, ತಿರುಗಿ ಬಾಗಿಲಿನ ಕಡೆ ನಡೆದೇಬಿಟ್ಟರು.

ನಾನು ಕೂಗಬೇಕೆಂದುಕೊಂಡೆ. ಆದರೆ ಮಗು ಜಾರುತ್ತಿತ್ತು. ಎಡಗೈ ತಾನಾಗಿ ಅವಳನ್ನು ಬಳಸಿತು, ಸೊಂಟ ತಾನಾಗಿ ಪಕ್ಕಕ್ಕೆ ಎದ್ದು ಅವಳಿಗೆ ಆಸನವಾಯಿತು. ಮಗಳು ಕತ್ತು ಹಿಡಿದುಕೊಂಡು ನನ್ನ ಕಿವಿಯೋಲೆ ಎಳೆಯತೊಡಗಿದಳು. ಬಾಯಮ್ಮ ಬಾಗಿಲ ಹತ್ತಿರ ನಿಂತು ನನ್ನ ಬಲಗಾಲನ್ನು ನೋಡುತ್ತಿದ್ದರು. ನಾನೂ ನೋಡಿದೆ. ಅದರ ಮಂಡಿ ಮಡಚಿಕೊಂಡಿತ್ತು, ಹಿಮ್ಮಡಿ ನೆಲದಿಂದ ಎದ್ದಿತ್ತು.

"ಭೂಮಿಯ ಮೇಲೆ ಯಾವ ತಾಯಿಯೂ ಎರಡೂ ಕಾಲಿನ ಮೇಲೆ ಸಮ ನಿಂತು ಮಗುವನ್ನು ಎತ್ತಿಕೊಂಡದ್ದಿಲ್ಲ" ಎಂದರು. "ಇಟಲಿಯಲ್ಲಿ ಮೇರಿ ಮಾತೆಯನ್ನೂ ಹಾಗೆಯೇ ಮಾಡಿದ್ದಾರೆ."

ನಾನು ಅತ್ತೆ. ಅವರು ಅಳುವುದಕ್ಕೆ ಬಿಟ್ಟರು, ಆದರೆ ಮಗುವನ್ನು ಕೆಳಗಿಳಿಸಲು ಬಿಡಲಿಲ್ಲ.

ಅವರ ಪೇಷೆಂಟುಗಳಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಎಡಗಾಲನ್ನು ಮಂಡಿಯ ಕೆಳಗೆ ಕಳೆದುಕೊಂಡ ಒಬ್ಬನಿದ್ದ. ಎತ್ತರದ ಆಳು, ಟೈಪ್‌ರೈಟರು ರಿಪೇರಿ ಮಾಡುತ್ತಿದ್ದ. ಕೃತಕ ಕಾಲು ಹಾಕಿಕೊಳ್ಳುತ್ತಿದ್ದನೇ ಹೊರತು ಅದಕ್ಕೆ ಭಾರ ಕೊಡುತ್ತಿರಲಿಲ್ಲ. ಬಲಗೈಯಲ್ಲಿ ಕೋಲು ಹಿಡಿದು, ಬಲಗಾಲಿನ ಮೇಲೆಯೇ ವರ್ಷಗಟ್ಟಲೆ ಬದುಕಿದ್ದ. ಎರಡು ಕಾಲಿನ ಕೆಲಸ ಮಾಡಿ ಮಾಡಿ ಆ ಒಳ್ಳೆಯ ಕಾಲಿನ ಸೊಂಟವೇ ಸವೆಯತೊಡಗಿತ್ತು. ಇದು ಪ್ಲಾಸ್ಟಿಕ್ಕು, ಇದನ್ನು ಹೇಗೆ ನಂಬಲಿ ಎಂದು ವಾದಿಸುತ್ತಿದ್ದ. ಯಾರೊಡನೆಯೂ ಹೆಚ್ಚು ಮಾತಿಲ್ಲ, ನಗುವಂತೂ ಇಲ್ಲವೇ ಇಲ್ಲ.

ಪಾಲೋ ಆಲ್ಟೋದಲ್ಲಿ ಒಂದು ಸಣ್ಣ ಕಲಾಶಾಲೆಯ ಹಿಂದೆ ಶೆಡ್ಡಿತ್ತು. ಅದರಲ್ಲಿ ಹಳೆಯ ಶಿಲ್ಪಗಳ ಪ್ಲಾಸ್ಟರ್ ಅಚ್ಚುಗಳನ್ನು, ಅಂದರೆ ಆಳೆತ್ತರದ ನಕಲುಗಳನ್ನು, ಇಟ್ಟಿದ್ದರು. ಬಾಯಮ್ಮ ಭಾನುವಾರ ಮಧ್ಯಾಹ್ನ ಪೇಷೆಂಟುಗಳನ್ನು ತಮ್ಮ ಹಳೆಯ ಸ್ಟೇಷನ್ ವ್ಯಾಗನ್ನಿನಲ್ಲಿ ತುಂಬಿಕೊಂಡು ಅಲ್ಲಿಗೆ ಹೋಗುವರು. ಕ್ಲಿನಿಕ್ಕಿಗೆ ಇದು ಇಷ್ಟವಿರಲಿಲ್ಲ. ಇನ್ಶೂರೆನ್ಸಿನ ತಾಪತ್ರಯ ಎಂದು ಮ್ಯಾನೇಜರು ಎಚ್ಚರಿಸಿದ್ದರು. ಭಾನುವಾರ ಅವರು ನನ್ನ ಪೇಷೆಂಟುಗಳಲ್ಲ, ನನ್ನ ಸ್ನೇಹಿತರು ಎನ್ನುವುದು ಬಾಯಮ್ಮನ ವಾದ.

ಆ ಭಾನುವಾರ ವ್ಯಾಗನ್ನಿನಲ್ಲಿದ್ದದ್ದು ನಾನು ಮತ್ತು ಆ ಸೈನಿಕ. ಶೆಡ್ಡಿನ ನಡುವೆ ಒಬ್ಬ ಗ್ರೀಕ್ ಯುವಕನ ಅಚ್ಚಿತ್ತು, ಅದೇ ಭಂಗಿ, ಒಂದು ಕಾಲು ಭಾರಕ್ಕೆ, ಒಂದು ಕಾಲು ಬಿಡುವಿಗೆ. ಸೈನಿಕ ಅದರ ಕಡೆ ನೋಡಿ, ಇವನಿಗೇನು, ಎರಡೂ ಕಾಲಿವೆ ಎಂದ. ಬಾಯಮ್ಮ ಅವನನ್ನು ಹಿಂಬದಿಗೆ ಕರೆದುಕೊಂಡು ಹೋದರು. ಭಾರ ಹೊತ್ತ ಕಾಲಿಗೆ ಅಂಟಿಕೊಂಡು ಒಂದು ಮರದ ಬೊಡ್ಡೆಯ ಆಕಾರ ಇತ್ತು. ಮೂಲ ಶಿಲ್ಪ ಕಂಚಿನದು, ಅದು ಈಗಿಲ್ಲ, ಕಂಚಿಗೆ ತನ್ನ ಭಾರ ಹೊರುವ ಶಕ್ತಿಯಿತ್ತು ಎಂದು ಹೇಳಿದರು. ರೋಮಿನವರು ಅದನ್ನೇ ಕಲ್ಲಿನಲ್ಲಿ ನಕಲು ಮಾಡಿದಾಗ ಕಣಕಾಲು ತಡೆಯುತ್ತಿರಲಿಲ್ಲ. ಅದಕ್ಕಾಗಿ ಬೊಡ್ಡೆ ಕೊಟ್ಟರು.

"ಇವನಿಗೂ ಮರದ ಕಾಲುಂಟು" ಎಂದರು ಬಾಯಮ್ಮ ಇಂಗ್ಲಿಷಿನಲ್ಲಿ. "ಎರಡು ಸಾವಿರ ವರ್ಷದಿಂದ ಅದರ ಮೇಲೇ ನಿಂತಿದ್ದಾನೆ. ಯಾರೂ ಅವನನ್ನು ಕುಂಟ ಅನ್ನಲಿಲ್ಲ."

ಸೈನಿಕ ನಕ್ಕ. ನಾನು ಅವನ ಹಲ್ಲು ನೋಡಿದ್ದು ಅದೇ ಮೊದಲು. ಅವನು ಶಿಲ್ಪದ ಪಕ್ಕ ಹೋಗಿ ನಿಂತ, ಕೋಲನ್ನು ತಾನೇ ನನ್ನ ಕೈಗೆ ಕೊಟ್ಟ. ಬಾಯಮ್ಮ ಅವನನ್ನು ಬಿಟ್ಟು ಶೆಡ್ಡಿನ ಇನ್ನೊಂದು ತುದಿಗೆ ನಡೆದರು. ಅವನು ನಿಧಾನವಾಗಿ ಭಾರವನ್ನು ಎಡಕ್ಕೆ ಸರಿಸಿದ. ಬಲಗಾಲಿನ ಹಿಮ್ಮಡಿ ಎದ್ದಿತು. ಒಂದು ಗಳಿಗೆ ನಿಂತ. ಆಮೇಲೆ ಎಡಮಂಡಿ ಕುಸಿಯಿತು, ಅವನು ಆಸರೆಗೆಂದು ಯುವಕನ ತೋಳು ಹಿಡಿದ, ತೋಳು ಮುರಿದು ಇಬ್ಬರೂ ಬಿದ್ದರು. ಪ್ಲಾಸ್ಟರಿನ ಬಿಳಿ ಧೂಳು ಇಳಿಯುವ ಮೊದಲೇ ಬಾಯಮ್ಮ ನೆಲದಲ್ಲಿ ಅವನ ಪಕ್ಕ ಕೂತಿದ್ದರು. ಅವನ ಬಲಗೈ ಮಣಿಕಟ್ಟು ಮುರಿದಿತ್ತು.

ಎಮರ್ಜೆನ್ಸಿಗೆ ಹೋಗುವಾಗ ಬಾಯಮ್ಮ ಗಾಡಿ ಓಡಿಸುತ್ತ, ನಾನು ಅವಸರ ಮಾಡಿದೆ, ತಪ್ಪು ನನ್ನದು ಎಂದರು. ಅವನು ಹಿಂದಿನ ಸೀಟಿನಲ್ಲಿ ಕೈ ಎದೆಗವಚಿಕೊಂಡು ಕೂತಿದ್ದ. ಆದರೂ ಒಂದು ಗಳಿಗೆ ನಿಂತಿದ್ದೆ ಅಲ್ಲವೇ ಎಂದು ಕೇಳಿದ. ನಿಂತಿದ್ದೆ ಎಂದು ಬಾಯಮ್ಮ ಹೇಳಿದರು.

ಸೈನಿಕ ದೂರು ಕೊಡಲಿಲ್ಲ. ಕಲಾಶಾಲೆಯವರು ತಮ್ಮ ಅಚ್ಚಿನ ಬಗ್ಗೆ ಕೊಟ್ಟರು. ಕ್ಲಿನಿಕ್ಕು ವಿಚಾರಣೆಗೆ ಕರೆಯಿತು.

ಅದರ ನಂತರದ ಬದುಕನ್ನು ಮೊದಲೇ ಹೇಳಿಬಿಡುತ್ತೇನೆ. ಆ ಕೆಲಸ ಹೋದ ಮೇಲೆ ಬಾಯಮ್ಮ ಯೂನಿಯನ್ ಸಿಟಿಯಲ್ಲಿ ಅಕ್ಕನ ಮನೆ ಸೇರಿದರು. ಗರಾಜಿನಲ್ಲಿ ಎರಡು ಕಂಬಿ ಹೂಡಿ, ಬಂದವರಿಗೆ ನಿಲ್ಲುವುದನ್ನು ಕಲಿಸುತ್ತಿದ್ದರು. ಉಡುಪಿ ಕಡೆಯ ವಯಸ್ಸಾದ ಅತ್ತೆಯಂದಿರು, ಮಂಗಳೂರಿನ ಡಾಕ್ಟರರ ತಂದೆಯರು, ಅಕ್ಕಪಕ್ಕದ ಮೆಕ್ಸಿಕನ್ನರು, ಎಲ್ಲರೂ ಅಲ್ಲಿ ಸಾಲಾಗಿ ಸೊಂಟ ವಾಲಿಸಿ ನಿಂತಿರುತ್ತಿದ್ದರು. ತಮಗೆ ಎದೆಯ ಕಾಯಿಲೆ ಬಂದದ್ದನ್ನು ಯಾರಿಗೂ ಹೇಳಲಿಲ್ಲ. ಬಾಯಿ ಖಾರವೇ. ನೋವು ಅಂದವರಿಗೆ ಸಮಾಧಾನ ಹೇಳಲು ಬರುತ್ತಿರಲಿಲ್ಲ. ಒಂದಿಬ್ಬರು ಅತ್ತುಕೊಂಡು ಬಿಟ್ಟುಹೋದದ್ದೂ ಉಂಟು. ಆದರೆ ಶೆಡ್ಡಿನ ಆ ಮಧ್ಯಾಹ್ನದ ಮೇಲೆ, ಯಾರನ್ನೇ ನಿಲ್ಲಿಸಿದರೂ ಕೈಯಳತೆಗಿಂತ ದೂರ ಹೋಗುತ್ತಿರಲಿಲ್ಲ. ಅಷ್ಟನ್ನು ಅವರು ಕಲಿತಿದ್ದರು.

ವಿಚಾರಣೆ ನಡೆದದ್ದು ಕ್ಲಿನಿಕ್ಕಿನ ಮೀಟಿಂಗ್ ರೂಮಿನಲ್ಲಿ, ಒಂದು ಬೆಳಿಗ್ಗೆ. ಮ್ಯಾನೇಜರು, ಇನ್ನಿಬ್ಬರು ದೊಡ್ಡವರು, ಉದ್ದನೆಯ ಮೇಜು. ನಾನು ಸಾಕ್ಷಿಯಾಗಿ ಬಾಯಮ್ಮನ ಪಕ್ಕ ಕೂತಿದ್ದೆ. ಅವರು ಒಳ್ಳೆಯ ರೇಷ್ಮೆ ಸೀರೆ ಉಟ್ಟು ಬಂದಿದ್ದರು, ಕೆಳಗೆ ಅದೇ ಶೂಸು. ಕೇಳಿದ್ದಕ್ಕೆಲ್ಲ ಹೌದು ಎಂದರು. ಎಚ್ಚರಿಕೆ ಕೊಟ್ಟಿದ್ದರೇ? ಹೌದು. ಆದರೂ ಹೋದಿರಾ? ಹೌದು. ನಾನು ನನ್ನ ಕತೆ ಹೇಳಿದೆ, ಮಗುವಿನ ಕತೆಯನ್ನೂ ಹೇಳಿದೆ. ಆ ಮೂವರೂ ಮರ್ಯಾದೆಯಿಂದ ಕೇಳಿಸಿಕೊಂಡರು. ಅದರಿಂದ ಏನೂ ಆಗುವಂತೆ ಕಾಣಲಿಲ್ಲ.

ಆಮೇಲೆ ಸೈನಿಕನನ್ನು ಕರೆದರು. ಬಲಗೈಗೆ ಇನ್ನೂ ಪಟ್ಟಿಯಿತ್ತು. ಕೈಯಲ್ಲಿ ಕೋಲಿರಲಿಲ್ಲ. ಮುರಿದ ಕೈಯಲ್ಲಿ ಹಿಡಿಯಲಾಗದು, ಎಡಗೈಯಲ್ಲಿ ಹಿಡಿದರೆ ಕಾಲಿಗೆ ತೊಡರುತ್ತದೆ ಎಂದು ಮನೆಯಲ್ಲೇ ಬಿಟ್ಟು ಬಂದಿದ್ದ. ಮ್ಯಾನೇಜರು ಕುರ್ಚಿ ತೋರಿಸಿದರು. ಬೇಡ ಎಂದ. ತಾನು ಬಿದ್ದದ್ದು ತನ್ನ ಇಷ್ಟದಿಂದ ಮಾಡಿದ ಪ್ರಯತ್ನದಲ್ಲಿ, ಈ ಹೆಂಗಸಿನ ತಪ್ಪಿಲ್ಲ ಎಂದು ಶುರು ಮಾಡಿದ. ಮಾತು ಅವನಿಗೆ ಸಲೀಸಲ್ಲ. ನಿಲ್ಲಿಸಿ ನಿಲ್ಲಿಸಿ ಹೇಳುತ್ತಿದ್ದ. ಮೇಜಿನ ಆಚೆಯವರು ಅವನ ಮುಖವನ್ನೂ ಕೈಯ ಪಟ್ಟಿಯನ್ನೂ ನೋಡುತ್ತಿದ್ದರು.

ಬಾಯಮ್ಮ ನನ್ನ ಮೊಣಕೈ ಹಿಡಿದು ಅಮುಕಿದರು. ಹೇಳುವುದನ್ನು ಕೇಳು ಅನ್ನುತ್ತಿದ್ದಾರೆ ಎಂದುಕೊಂಡೆ. ಅವರು ಗಲ್ಲದಿಂದ ಕೆಳಗೆ ತೋರಿಸಿದರು. ಮಾತಿನಲ್ಲಿ ಮುಳುಗಿದ್ದ ಅವನು ಭಾರವನ್ನೆಲ್ಲ ಎಡಗಾಲಿಗೆ, ಆ ಪ್ಲಾಸ್ಟಿಕ್ಕಿನ ಕಾಲಿಗೆ ಬಿಟ್ಟು ನಿಂತಿದ್ದ. ಬಲಗಾಲು ಮಂಡಿ ಮಡಿಸಿ, ಬೂಟಿನ ತುದಿ ಮಾತ್ರ ನೆಲಕ್ಕೆ ತಾಗಿ, ಆರಾಮವಾಗಿತ್ತು. ಅವನಿಗೆ ಅದರ ಅರಿವೇ ಇರಲಿಲ್ಲ.

ಅದಾದ ಮೇಲೆ ಒಳಗೆ ಬಹಳ ಮಾತಾಯಿತು. ಕೊನೆಗೆ ಮ್ಯಾನೇಜರು ತೀರ್ಮಾನ ಹೇಳಿದರು, ಬಾಯಮ್ಮ ತಲೆಯಾಡಿಸಿದರು, ಎದ್ದು ಎಲ್ಲರಿಗೂ ಥ್ಯಾಂಕ್ಸು ಹೇಳಿದರು. ಪಾರ್ಕಿಂಗ್ ಲಾಟಿಗೆ ಬಂದ ಮೇಲೆ, ಸ್ಟೇಷನ್ ವ್ಯಾಗನ್ನಿನ ಬಾಗಿಲಿಗೆ ಕೀ ಹಾಕುತ್ತ, ಕೊನೆಗೆ ಅವರು ಎಂತ ಹೇಳಿದರು ಎಂದು ನನ್ನನ್ನು ಕೇಳಿದರು. ತಮಾಷೆಯೆಂದುಕೊಂಡು ಮುಖ ನೋಡಿದೆ. ತಮಾಷೆಯಲ್ಲ. ಈ ತಿಂಗಳು ಮುಗಿದ ಮೇಲೆ ಬರುವುದು ಬೇಡ ಅಂದರು, ಎಂದೆ.

"ಹೌದಾ?" ಎಂದರು. ಕೀ ಹಾಗೇ ಬಾಗಿಲಲ್ಲಿತ್ತು. ಆಮೇಲೆ ನನ್ನ ಕಡೆ ತಿರುಗಿದರು. "ಅವನ ಎಡಭುಜ ನೋಡಿದೆಯಾ ಮಾರಾಯ್ತಿ, ಎಷ್ಟು ಚಂದ ಇಳಿದಿತ್ತು!"